ವಾಕಿಂಗ್: ಸುಖವೋ, ಸುಮ್ಮನೆ ಸುತ್ತೋ?

ಐವತ್ತು ದಾಟಿದವರ ಔಷಧಿ ಚೀಟಿಯನ್ನು ಒಮ್ಮೆ ತೆಗೆದು ನೋಡಿ. ಬಿಪಿ ಮಾತ್ರೆ ಬೆಳಿಗ್ಗೆ ಒಂದು, ಶುಗರ್ ಮಾತ್ರೆ ಊಟಕ್ಕೆ ಮುಂಚೆ ಅರ್ಧ, ಕೊಲೆಸ್ಟ್ರಾಲಿನದ್ದು ಮಲಗುವಾಗ ಒಂದು ಎಂದು ಪ್ರತಿಯೊಂದಕ್ಕೂ ಹೊತ್ತು, ಅಳತೆ ಬರೆದಿರುತ್ತದೆ. ಕಟ್ಟಕಡೆಗೆ ಇನ್ನೊಂದು ಸಾಲು: ‘ವಾಕಿಂಗ್, 30 ನಿಮಿಷ’. ಎಲ್ಲಿ, ಯಾವಾಗ, ಎಷ್ಟು ಬಿರುಸಾಗಿ, ಬೇಸರವಾದರೆ ಏನು ಮಾಡಬೇಕು ಎಂಬುದೊಂದೂ ಇಲ್ಲ. ಡಾಕ್ಟರಿಗೆ ಅಷ್ಟು ವಿವರಿಸಲು ಪುರಸೊತ್ತಿಲ್ಲ. ಹೊರಗೆ ಟೋಕನ್ ಹಿಡಿದವರ ಸಾಲೇ ಕೂತಿದೆ. ಹೀಗಾಗಿ ಮಾತ್ರೆಯನ್ನು ತಪ್ಪದೆ ನುಂಗುವವರೂ ವಾಕಿಂಗನ್ನು ಹದಿನೈದು ದಿನಕ್ಕೆ ಬಿಡುತ್ತಾರೆ. ಮಗಳು ಆನ್‌ಲೈನಿನಲ್ಲಿ ತರಿಸಿಕೊಟ್ಟ ಶೂ ಚಪ್ಪಲಿ ಸ್ಟ್ಯಾಂಡಿನ ಕೆಳಗಿನ ಅಂತಸ್ತಿಗೆ ಇಳಿಯುತ್ತದೆ.

ಬಿಟ್ಟವರನ್ನು ಕೇಳಿದರೆ, ‘ಸುಮ್ಮನೆ ಸುತ್ತಿದ್ದೇ ಬಂತು, ಒಂದು ಕೆಜಿ ಇಳೀಲಿಲ್ಲ’ ಎನ್ನುತ್ತಾರೆ. ಬಿಡದವರು ಒಂದು ದಿನ ತಪ್ಪಿದರೂ ಮೈಯೆಲ್ಲ ಹಿಡಿದುಕೊಂಡಿತು ಎಂದು ಗೊಣಗುತ್ತಾರೆ. ಇಬ್ಬರ ಮಾತೂ ನಿಜ. ನನ್ನ ತಕರಾರು ಇರುವುದು ಸುತ್ತಿನ ಮೇಲೆ. ನಮ್ಮ ಊರುಗಳಲ್ಲಿ ವಾಕಿಂಗ್ ಎಂದರೆ ಬಡಾವಣೆಯ ಪುಟ್ಟ ಪಾರ್ಕಿನ ಇಂಟರ್‌ಲಾಕ್ ಹಾದಿಯಲ್ಲಿ ಗಾಣದೆತ್ತಿನ ಹಾಗೆ ಹತ್ತೋ ಹನ್ನೆರಡೋ ಸುತ್ತು ಎಂದಾಗಿಬಿಟ್ಟಿದೆ. ಅದರಲ್ಲಿ ಬೇಸರ ಬರದಿದ್ದರೇ ಆಶ್ಚರ್ಯ. ಎಲ್ಲಿಗಾದರೂ ಹೋಗುವ ನಡಿಗೆಯನ್ನು, ಏನನ್ನಾದರೂ ನೋಡುವ ನಡಿಗೆಯನ್ನು ಜನ ಅಷ್ಟು ಸುಲಭವಾಗಿ ಬಿಡುವುದಿಲ್ಲ. ಆ ಚೀಟಿಯ ಕೊನೆಯ ಸಾಲಿಗೆ ಬರೆಯದೆ ಉಳಿದ ವಿವರ ಇಲ್ಲಿದೆ.

ಏನು ಸಿಗುತ್ತದೆ, ಏನು ಸಿಗುವುದಿಲ್ಲ

ಮೊದಲು ನಿರಾಸೆಯ ವಿಷಯ ಮುಗಿಸೋಣ. ತೂಕ ಇಳಿಸುವುದೊಂದೇ ಗುರಿಯಾದರೆ ವಾಕಿಂಗ್ ಬಹಳ ನಿಧಾನದ ದಾರಿ. 70 ಕೆಜಿ ತೂಗುವವರು ಅರ್ಧ ಗಂಟೆ ಬಿರುಸಾಗಿ ನಡೆದರೆ ಖರ್ಚಾಗುವುದು 150 ಕ್ಯಾಲೊರಿಯ ಆಸುಪಾಸು. ಲಾಲ್‌ಬಾಗಿನ ಗೇಟು ದಾಟಿ ಹೋಟೆಲಿಗೆ ನುಗ್ಗಿ ಒಂದು ಮಸಾಲೆ ದೋಸೆ ತಿಂದರೆ ಅದರ ದುಪ್ಪಟ್ಟು ಒಳಗೆ ಸೇರುತ್ತದೆ. ದೋಸೆ ಬಿಡಿ ಎಂದು ನಾನು ಹೇಳಲಾರೆ. ನಡಿಗೆಯ ಲೆಕ್ಕಕ್ಕೆ ಅದನ್ನು ಬರೆಯಬೇಡಿ ಅಷ್ಟೆ. ಊಟದ ತಟ್ಟೆ ಬದಲಾಗದೆ ತೂಕದ ಮುಳ್ಳು ಅಲ್ಲಾಡುವುದಿಲ್ಲ. ತಿಂಗಳಿಗೊಮ್ಮೆ ತೂಕದ ಯಂತ್ರ ಹತ್ತಿ ನಿರಾಶರಾಗಿ ವಾಕಿಂಗ್ ಬಿಡುವವರು, ಅದು ಕೊಡುವ ಬೇರೆಯದನ್ನೆಲ್ಲ ಕಳೆದುಕೊಳ್ಳುತ್ತಾರೆ.

ಆ ಬೇರೆಯದೇನು? ಹೃದಯದಿಂದ ಶುರು ಮಾಡಬಹುದು. ಲಂಡನ್ನಿನ ವೈದ್ಯ ಜೆರೆಮಿ ಮಾರಿಸ್ 1953ರಲ್ಲಿ ಅಲ್ಲಿನ ಡಬಲ್ ಡೆಕ್ಕರ್ ಬಸ್ಸುಗಳ ನೌಕರರ ಬಗ್ಗೆ ಒಂದು ಅಧ್ಯಯನ ಪ್ರಕಟಿಸಿದರು. ಡ್ರೈವರ್ ದಿನವಿಡೀ ಸೀಟಿನಲ್ಲಿ, ಕಂಡಕ್ಟರ್ ದಿನವಿಡೀ ಮೆಟ್ಟಿಲು ಹತ್ತಿ ಇಳಿದು ಟಿಕೆಟ್ ಕೊಡುತ್ತ. ಒಂದೇ ಬಸ್ಸು, ಹೆಚ್ಚುಕಡಿಮೆ ಒಂದೇ ಬಗೆಯ ಬದುಕು. ಆದರೂ ಕಂಡಕ್ಟರುಗಳಲ್ಲಿ ಹೃದಯದ ಕಾಯಿಲೆ ಕಡಿಮೆ. ಬಂದರೂ ಡ್ರೈವರುಗಳಲ್ಲಿ ಬಂದಷ್ಟು ಚಿಕ್ಕ ವಯಸ್ಸಿಗೆ ಬರುತ್ತಿರಲಿಲ್ಲ. ಮಾರಿಸ್ ಪ್ರಾಮಾಣಿಕ ಮನುಷ್ಯ. ಕೆಲಸಕ್ಕೆ ಸೇರುವಾಗ ಕೊಟ್ಟ ಸಮವಸ್ತ್ರದ ಅಳತೆಗಳನ್ನು ಆಮೇಲೆ ತೆಗೆಸಿ ನೋಡಿ, ಡ್ರೈವರುಗಳ ಸೊಂಟ ಮೊದಲಿನಿಂದಲೂ ತುಸು ದಪ್ಪವೇ ಇತ್ತು ಎಂಬುದನ್ನೂ ತಾವೇ ಬರೆದರು. ಅಂದರೆ ಎಲ್ಲ ವ್ಯತ್ಯಾಸವೂ ಮೆಟ್ಟಿಲಿನಿಂದಲೇ ಬಂದದ್ದಲ್ಲ. ಆದರೆ ನಡೆದು ಕಾಗದ ಹಂಚುವ ಪೋಸ್ಟ್‌ಮನ್ನರನ್ನು ಕಚೇರಿಯಲ್ಲಿ ಕೂತ ಗುಮಾಸ್ತರ ಜೊತೆ ಹೋಲಿಸಿದಾಗಲೂ ಅದೇ ಚಿತ್ರ ಕಂಡಿತ್ತು. ದೇಹ ಚಲನೆ ಮತ್ತು ಹೃದಯದ ನಂಟಿನ ಬಗ್ಗೆ ಮುಂದೆ ನಡೆದ ಸಂಶೋಧನೆಗೆ ಬುನಾದಿ ಇದೇ.

ನಮಗೆ ಇನ್ನೂ ಹತ್ತಿರದ ವಿಷಯ ಸಕ್ಕರೆ ಕಾಯಿಲೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ದೊಡ್ಡ ಸಮೀಕ್ಷೆ 2023ರಲ್ಲಿ ಹೇಳಿದಂತೆ ದೇಶದಲ್ಲಿ ಹತ್ತು ಕೋಟಿಗೂ ಹೆಚ್ಚು ಜನರಿಗೆ ಅದು ಇದೆ. ಕಾಲಿನ ಸ್ನಾಯು ದುಡಿಯುವಾಗ ರಕ್ತದಲ್ಲಿರುವ ಸಕ್ಕರೆಯನ್ನು ತಾನೇ ಎಳೆದುಕೊಳ್ಳುತ್ತದೆ. ಅದಕ್ಕೆ ಇನ್ಸುಲಿನ್ನಿನ ಹಂಗು ಅಷ್ಟಾಗಿ ಬೇಕಿಲ್ಲ. ಆದ್ದರಿಂದ ಯಾವಾಗ ನಡೆಯುತ್ತೀರಿ ಎಂಬುದಕ್ಕೆ ಇಲ್ಲಿ ಬೆಲೆಯಿದೆ. ಸಕ್ಕರೆ ಕಾಯಿಲೆಯ ಅಂಚಿನಲ್ಲಿದ್ದ ಅರವತ್ತು ದಾಟಿದವರ ಮೇಲೆ ಅಮೆರಿಕದಲ್ಲಿ ನಡೆದ ಒಂದು ಸಣ್ಣ ಪ್ರಯೋಗದ ವರದಿ 2013ರಲ್ಲಿ ಬಂತು. ಮೂರು ಹೊತ್ತಿನ ಊಟದ ನಂತರ ಹದಿನೈದು ಹದಿನೈದು ನಿಮಿಷ ನಡೆದಾಗ ದಿನದ ಸಕ್ಕರೆ ಮಟ್ಟ ಹತೋಟಿಗೆ ಬಂತು. ಒಂದೇ ಸಲ 45 ನಿಮಿಷ ನಡೆದದ್ದಕ್ಕಿಂತ, ರಾತ್ರಿ ಊಟದ ನಂತರ ಸಕ್ಕರೆ ಏರುವುದನ್ನು ತಡೆಯಲು ಈ ತುಣುಕು ನಡಿಗೆಯೇ ಮೇಲಾಯಿತು. ಮುದ್ದೆಯೋ ಅನ್ನವೋ ಉಂಡು ನೇರವಾಗಿ ಟಿವಿ ಮುಂದೆ ಕೂರುವ ನಮಗೆ ಇದಕ್ಕಿಂತ ಅಗ್ಗದ ಉಪಾಯ ಇಲ್ಲ. ಉತ್ತರ ಕರ್ನಾಟಕದ ಎಷ್ಟೋ ಮನೆಗಳಲ್ಲಿ ಹಿರಿಯರು ರಾತ್ರಿ ಊಟ ಮಾಡಿ ಅಂಗಳದಲ್ಲಿ ಶತಪಾವಲಿ, ಅಂದರೆ ನೂರು ಹೆಜ್ಜೆ, ಹಾಕದೆ ಹಾಸಿಗೆಗೆ ಹೋಗುತ್ತಿರಲಿಲ್ಲ. ಅಂಗಳ ಇಲ್ಲದವರಿಗೆ ಅಪಾರ್ಟ್‌ಮೆಂಟಿನ ಕಾರಿಡಾರ್, ತಾರಸಿ, ಮನೆ ಮುಂದಿನ ಕ್ರಾಸ್ ಇವೆ. ಈ ಒಂದು ನಡಿಗೆಗೆ ಮಾತ್ರ ಸುತ್ತಾದರೂ ಸರಿ ಎನ್ನುತ್ತೇನೆ. ಹತ್ತು ಹದಿನೈದು ನಿಮಿಷದಲ್ಲಿ ಯಾರಿಗೂ ಬೇಸರ ಬರುವುದಿಲ್ಲ.

ರಕ್ತದೊತ್ತಡವೂ ಸ್ವಲ್ಪ ಇಳಿಯುತ್ತದೆ. ಹತ್ತಾರು ಪ್ರಯೋಗಗಳನ್ನು ಒಟ್ಟಿಗಿಟ್ಟು ನೋಡಿದಾಗ ಮೇಲಿನ ಅಂಕಿಯಲ್ಲಿ ಸರಾಸರಿ 4ರಷ್ಟು ಇಳಿಕೆ ಕಂಡಿದೆ. ಮಾತ್ರೆ ಬಿಡುವಷ್ಟಲ್ಲ, ಉಪೇಕ್ಷೆ ಮಾಡುವಷ್ಟೂ ಅಲ್ಲ. ನಡೆದರೆ ಮಂಡಿ ಸವೆಯುತ್ತದೆ ಎಂಬ ಹೆದರಿಕೆ ಬಹಳ ಜನರಿಗಿದೆ. ಮಂಡಿ ಸವೆತವಿದ್ದ ಐವತ್ತು ದಾಟಿದವರನ್ನು ವರ್ಷಗಟ್ಟಲೆ ಗಮನಿಸಿದ ಅಮೆರಿಕದ ಒಂದು ಅಧ್ಯಯನದಲ್ಲಿ, ವ್ಯಾಯಾಮಕ್ಕೆಂದು ನಡೆಯುತ್ತಿದ್ದವರಲ್ಲಿ ಹೊಸದಾಗಿ ಪದೇ ಪದೇ ನೋವು ಕಾಣಿಸಿಕೊಂಡದ್ದು ನಡೆಯದವರಿಗಿಂತ ಕಡಿಮೆ. ಮಂಡಿ ಊದಿಕೊಂಡು ಬಿಸಿಯಾಗಿದ್ದರೆ ಮಾತು ಬೇರೆ, ಆಗ ಡಾಕ್ಟರೇ ಗತಿ.

ಇನ್ನು ಹತ್ತು ಸಾವಿರ ಹೆಜ್ಜೆಯ ಹುಚ್ಚು. ಕೈಗಡಿಯಾರ ನೋಡಿಕೊಂಡು ರಾತ್ರಿ ಹತ್ತು ಗಂಟೆಗೆ ಹಾಲಿನಲ್ಲಿ ಅತ್ತಿಂದಿತ್ತ ಓಡಾಡಿ ಲೆಕ್ಕ ತುಂಬಿಸುವವರನ್ನು ನೀವೂ ಕಂಡಿರುತ್ತೀರಿ. ಟೋಕಿಯೊ ಒಲಿಂಪಿಕ್ಸ್ ಮುಗಿದ ಮರುವರ್ಷ, 1965ರಲ್ಲಿ, ಜಪಾನಿನ ಒಂದು ಕಂಪನಿ ಸೊಂಟಕ್ಕೆ ಸಿಕ್ಕಿಸುವ ಹೆಜ್ಜೆ ಎಣಿಕೆಯ ಯಂತ್ರವನ್ನು ಮಾರುಕಟ್ಟೆಗೆ ಬಿಟ್ಟಿತು. ಹತ್ತು ಸಾವಿರ ಎಂಬುದು ಆ ಯಂತ್ರಕ್ಕೆ ಇಟ್ಟ ಹೆಸರಿನಲ್ಲಿದ್ದ ಸಂಖ್ಯೆ. ಯಾವ ವೈದ್ಯರೂ ಅಳೆದು ಹೇಳಿದ್ದಲ್ಲ. ಸರಾಸರಿ 72 ವಯಸ್ಸಿನ ಹದಿನಾರು ಸಾವಿರಕ್ಕೂ ಹೆಚ್ಚು ಅಮೆರಿಕನ್ ಮಹಿಳೆಯರನ್ನು ಗಮನಿಸಿ 2019ರಲ್ಲಿ ಹೊರಬಂದ ಅಧ್ಯಯನದಲ್ಲಿ, ದಿನಕ್ಕೆ 2,700 ಹೆಜ್ಜೆ ಹಾಕುತ್ತಿದ್ದವರಿಗಿಂತ 4,400 ಹೆಜ್ಜೆ ಹಾಕುತ್ತಿದ್ದವರಲ್ಲೇ ಸಾವಿನ ಪ್ರಮಾಣ ಎದ್ದು ಕಾಣುವಷ್ಟು ಕಡಿಮೆಯಿತ್ತು. ಲಾಭ ಏರುತ್ತ ಹೋಗಿ ಸುಮಾರು 7,500ರ ಹತ್ತಿರ ಸಮಕ್ಕೆ ನಿಂತಿತು. ಮನೆಗೆಲಸ, ಅಂಗಡಿ, ಬಸ್‌ಸ್ಟಾಪು ಎಲ್ಲ ಸೇರಿಯೇ ಇಷ್ಟು.

ಹೆಜ್ಜೆ ಎಣಿಸುವುದಕ್ಕಿಂತ ಉಸಿರನ್ನು ಗಮನಿಸುವುದು ಸುಲಭ. ವಿಶ್ವ ಆರೋಗ್ಯ ಸಂಸ್ಥೆ ವಾರಕ್ಕೆ ಕನಿಷ್ಠ 150 ನಿಮಿಷ ಮಧ್ಯಮ ಬಿರುಸಿನ ಚಟುವಟಿಕೆ ಬೇಕು ಎನ್ನುತ್ತದೆ. ಮಧ್ಯಮ ಬಿರುಸು ಎಂದರೆ ನಿಮಿಷಕ್ಕೆ ನೂರು ಹೆಜ್ಜೆಯ ಆಸುಪಾಸು. ಪಕ್ಕದವರಿಗೆ ಸೊಸೆಯ ಮೇಲಿನ ದೂರು ಹೇಳಲು ಉಸಿರಿರಬೇಕು, ಹಾಡಿನ ಪಲ್ಲವಿ ಎತ್ತಿದರೆ ಸಾಲದಾಗಬೇಕು. ಇನ್ನೂ ಚುರುಕು ಬೇಕೆನ್ನುವವರಿಗೆ ಜಪಾನಿನ ಶಿನ್‌ಶು ವಿಶ್ವವಿದ್ಯಾಲಯದವರು ಹಿರಿಯರ ಮೇಲೆ ಪ್ರಯೋಗಿಸಿ ನೋಡಿದ ಕ್ರಮವಿದೆ: ಮೂರು ನಿಮಿಷ ಬಿರುಸು, ಮೂರು ನಿಮಿಷ ನಿಧಾನ, ಹೀಗೆ ಐದು ಸಲ. ಅರ್ಧ ಗಂಟೆ ಸರಿಯಾಗಿ ಮುಗಿಯುತ್ತದೆ.

ಎರಡು ಸಂಗತಿ ವಾಕಿಂಗಿನಿಂದ ಸಿಗುವುದಿಲ್ಲ ಎಂದು ಹೇಳಿಬಿಡಬೇಕು. ಒಂದು, ತೋಳು, ಬೆನ್ನು, ಸೊಂಟದ ಬಲ. ವಯಸ್ಸಾದಂತೆ ಸ್ನಾಯು ಕರಗುತ್ತದೆ, ನಡಿಗೆ ಅದನ್ನು ಅಷ್ಟಾಗಿ ತಡೆಯುವುದಿಲ್ಲ. ವಾರಕ್ಕೆರಡು ದಿನ ಕೈ ಊರದೆ ಕುರ್ಚಿಯಿಂದ ಹತ್ತು ಸಲ ಎದ್ದು ಕೂರುವುದು, ಗೋಡೆಗೆ ಕೈಕೊಟ್ಟು ದಂಡ ಹೊಡೆಯುವುದು ಸೇರಿಸಿಕೊಳ್ಳಿ. ಇನ್ನೊಂದು, ಡಿ ವಿಟಮಿನ್. ಬೆಳಿಗ್ಗೆ ಆರಕ್ಕೆ ಸ್ವೆಟರ್, ಮಂಕಿ ಕ್ಯಾಪು ಹಾಕಿಕೊಂಡು ನಡೆದು, ‘ಎಳೆ ಬಿಸಿಲು ತಗೊಂಡೆ’ ಎಂದು ಸಮಾಧಾನಪಡುವವರಿದ್ದಾರೆ. ಚರ್ಮದಲ್ಲಿ ಆ ವಿಟಮಿನ್ ತಯಾರಾಗಲು ಬೇಕಾದ ಕಿರಣ ಅಷ್ಟು ಬೆಳಿಗ್ಗೆ ನೆಲಕ್ಕೆ ತಲುಪುವುದೇ ಇಲ್ಲ ಎನ್ನಬಹುದು. ನಿಮ್ಮ ನೆರಳು ನಿಮಗಿಂತ ಗಿಡ್ಡವಾಗುವ ಹೊತ್ತಿನ ಬಿಸಿಲು ಬೇಕು, ಅದೂ ಬರಿಯ ತೋಳಿನ ಮೇಲೆ.

ಸುತ್ತು ಬಿಡಿ, ದಾರಿ ಹಿಡಿಯಿರಿ

ಮಾಸ್ತಿಯವರು ಗವಿಪುರದ ತಮ್ಮ ಮನೆಯಿಂದ ಬಸವನಗುಡಿಯ ಕ್ಲಬ್ಬಿಗೆ ನಡೆದು ಹೋಗಿ, ಇಸ್ಪೀಟಾಡಿ, ನಡೆದೇ ಮನೆಗೆ ಬರುತ್ತಿದ್ದದ್ದು ಬೆಂಗಳೂರಿನ ಹಳಬರಿಗೆಲ್ಲ ಗೊತ್ತು. ಅದನ್ನು ಅವರು ವ್ಯಾಯಾಮ ಎಂದುಕೊಂಡಿದ್ದರೋ ಇಲ್ಲವೋ, ಆಟ ಕಾದಿತ್ತು, ಗೆಳೆಯರು ಕಾದಿದ್ದರು, ಅದಕ್ಕೆ ಕಾಲು ತಾನಾಗಿ ಎದ್ದಿತು. ಈಗ ನಾವು ಮಾಡಿರುವುದು ಇದರ ಉಲ್ಟಾ. ಹಾಲು, ತರಕಾರಿ, ಔಷಧಿ ಎಲ್ಲ ಬಾಗಿಲಿಗೇ ಹತ್ತು ನಿಮಿಷದಲ್ಲಿ ಬಂದು ಬೀಳುವಂತೆ ಏರ್ಪಾಟು ಮಾಡಿಕೊಂಡು, ಆಮೇಲೆ ಕಾರು ತೆಗೆದು ಪಾರ್ಕಿಗೆ ಹೋಗಿ, ನಿಲ್ಲಿಸಲು ಜಾಗ ಹುಡುಕಿ, ಸುತ್ತು ಹಾಕಿ ವಾಪಸಾಗುತ್ತೇವೆ. ದಿನಾ ಹೋಗಲೇಬೇಕಾದ ಒಂದು ಕೆಲಸವನ್ನು ಆ್ಯಪಿನಿಂದ ಕಿತ್ತುಕೊಳ್ಳಿ. ಹಾಲಿನ ಬೂತು, ಹೂವು, ಸೊಪ್ಪು, ಯಾವುದಾದರೂ ಸರಿ. ಹತ್ತಿರದ್ದೇ ಬೇಡ, ಹದಿನೈದು ನಿಮಿಷ ದೂರದ ಅಂಗಡಿ ಆರಿಸಿ. ಹೋಗಿ ಬರುವುದರಲ್ಲಿ ಚೀಟಿಯ ಅರ್ಧ ಗಂಟೆ ಮುಗಿದಿರುತ್ತದೆ. ಸೊಪ್ಪಿನವರು ಎರಡು ದಿನ ಕಾಣದಿದ್ದರೆ, ‘ಯಾಕಮ್ಮ, ಊರಲ್ಲಿರಲಿಲ್ವಾ?’ ಎಂದು ಕೇಳುವಷ್ಟು ಪರಿಚಯವಾದ ಮೇಲೆ ತಪ್ಪಿಸಿಕೊಳ್ಳುವುದು ಕಷ್ಟ.

ಕೆಲಸಕ್ಕೆ ಹೋಗುವವರು ಒಂದು ಸ್ಟಾಪ್ ಮೊದಲೇ ಬಸ್ಸು ಇಳಿಯಬಹುದು, ಮೆಟ್ರೊ ನಿಲ್ದಾಣಕ್ಕೆ ಆಟೊ ಬಿಡಬಹುದು. ನಿವೃತ್ತರಿಗೆ ನನ್ನ ಶಿಫಾರಸು ಸಾರ್ವಜನಿಕ ಗ್ರಂಥಾಲಯ. ನಡೆದು ಹೋಗಿ, ಫ್ಯಾನಿನ ಕೆಳಗೆ ಕೂತು ನಾಲ್ಕು ಪತ್ರಿಕೆ ತಿರುವಿ, ನಡೆದು ಬರುವುದು. ಸಂಜೆ ದೇವಸ್ಥಾನಕ್ಕೆ ಹೋಗುವವರಿಗೆ ಯಾರೂ ಹೇಳಿಕೊಡಬೇಕಿಲ್ಲ, ಅವರ ವಾಕಿಂಗ್ ಆಗಲೇ ನಡೆಯುತ್ತಿದೆ. ಮನೆಗೆಲಸಕ್ಕೆ ನಾಲ್ಕು ಮನೆ ಓಡಾಡುವವರು, ಹೊಲದಲ್ಲಿ ದುಡಿಯುವವರು, ಮನೆ ಮನೆ ತಿರುಗುವ ಆಶಾ ಕಾರ್ಯಕರ್ತೆಯರು ಈ ಲೇಖನವನ್ನು ಬದಿಗಿಟ್ಟು ಸಂಜೆ ಕಾಲು ಚಾಚಿ ಕೂರಬಹುದು. ಅವರಿಗೆ ಬೇಕಿರುವುದು ವಿಶ್ರಾಂತಿ.

ಹಾಗಾದರೆ ಸುತ್ತು ಎಲ್ಲವೂ ದಂಡವೇ? ಇಲ್ಲ. ಮೈಸೂರಿನ ಕುಕ್ಕರಹಳ್ಳಿ ಕೆರೆಯೂ ಒಂದು ಸುತ್ತೇ. ಕುವೆಂಪು ಅದರ ಏರಿಯ ಮೇಲೆ ವರ್ಷಗಟ್ಟಲೆ ತಿರುಗಾಡಿದರು, ಅವರಿಗೆ ಬೇಸರವಾದಂತೆ ಕಾಣುವುದಿಲ್ಲ. ಏಕೆಂದರೆ ಅಲ್ಲಿ ನಿನ್ನೆ ಕಂಡದ್ದು ಇವತ್ತು ಇರುವುದಿಲ್ಲ. ಕೆರೆಯ ನಡುವಿನ ಮರಗಳಲ್ಲಿ ಹೆಜ್ಜಾರ್ಲೆಗಳು ಗೂಡು ಕಟ್ಟುತ್ತವೆ, ನೀರುಕಾಗೆ ರೆಕ್ಕೆ ಬಿಚ್ಚಿ ಒಣಗಿಸುತ್ತ ಕೂರುತ್ತದೆ, ಹಾವಕ್ಕಿಯ ಕತ್ತು ಮಾತ್ರ ನೀರಿನ ಮೇಲೆ ಸರಿದು ಹೋಗುತ್ತದೆ. ನೋಡಲು ಏನಾದರೂ ಇರುವ ಸುತ್ತು ಹಿಡಿಸುತ್ತದೆ. ಧಾರವಾಡದವರಿಗೆ ಬೇಂದ್ರೆಯವರ ಮನೆಯ ಎದುರಿನ ಸಾಧನಕೇರಿ, ಹುಬ್ಬಳ್ಳಿಯವರಿಗೆ ಉಣಕಲ್ ಕೆರೆ ಮತ್ತು ನೃಪತುಂಗ ಬೆಟ್ಟ, ಮಂಗಳೂರಿನವರಿಗೆ ಕದ್ರಿ ಪಾರ್ಕು, ಪಣಂಬೂರಿನ ಮರಳು ಇವೆ. ಬೆಂಗಳೂರಿನವರಿಗೆ ಲಾಲ್‌ಬಾಗಿನ ಬಂಡೆ. ವಾಕಿಂಗಿಗೆ ಬಂದವರು ಅದರ ಮೇಲೆ ಕೂತು ಕಡಲೆಕಾಯಿ ಬಿಡಿಸುತ್ತಾರಲ್ಲ, ಅದು ಸುಮಾರು 300 ಕೋಟಿ ವರ್ಷ ಹಳೆಯದು. ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಎಂಬ ಫಲಕವೂ ಅಲ್ಲೇ ಇದೆ.

ಕೆರೆ, ಬೆಟ್ಟ ಎಲ್ಲರ ಮನೆ ಹತ್ತಿರ ಇರುವುದಿಲ್ಲ, ಸರಿ. ಮರ ಇರುತ್ತದೆ. ಬೆಂಗಳೂರಿನಲ್ಲಿ ವರ್ಷದ ಒಂದೊಂದು ಕಾಲಕ್ಕೆ ಒಂದೊಂದು ರಸ್ತೆ ಹೂ ಬಿಡುವುದು ಆಕಸ್ಮಿಕವಲ್ಲ. 1908ರಿಂದ ಲಾಲ್‌ಬಾಗಿನ ಹೊಣೆ ಹೊತ್ತಿದ್ದ ಜರ್ಮನ್ ತೋಟಗಾರಿಕಾ ತಜ್ಞ ಕ್ರುಂಬಿಗಲ್, ಒಂದರ ಹೂ ಉದುರುವಷ್ಟರಲ್ಲಿ ಇನ್ನೊಂದು ಅರಳುವಂತೆ ಯೋಚಿಸಿ ರಸ್ತೆ ಬದಿಗೆ ಮರಗಳನ್ನು ಆರಿಸಿದರು. 1980ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳರು ನಗರದ ತುಂಬ ಲಕ್ಷಗಟ್ಟಲೆ ಸಸಿ ನೆಡಿಸಿದರು. ಹೀಗಾಗಿ ಬೇಸಿಗೆಗೆ ಮುಂಚೆ ತಬೆಬೂಯಾ, ಯುಗಾದಿ ಸುತ್ತಮುತ್ತ ಹೊಂಗೆಯ ಹೊಸ ಚಿಗುರು ಮತ್ತು ಹೂ, ಆಮೇಲೆ ಗುಲ್‌ಮೊಹರ್, ಮಳೆ ಮುಗಿಯುವ ಹೊತ್ತಿಗೆ ಆಕಾಶಮಲ್ಲಿಗೆ. ನಿಮ್ಮ ದಿನದ ದಾರಿಯಲ್ಲಿ ಹತ್ತು ಮರ ಗುರುತಿಟ್ಟುಕೊಳ್ಳಿ. ಹೆಸರು ಗೊತ್ತಿಲ್ಲದಿದ್ದರೆ ಎಲೆಯ ಫೋಟೊ ತೆಗೆದು ಯಾರನ್ನಾದರೂ ಕೇಳಿ. ಯಾವುದು ಯಾವ ವಾರ ಎಲೆ ಉದುರಿಸಿತು, ಯಾವುದಕ್ಕೆ ಚಿಗುರು ಬಂತು ಎಂದು ಕ್ಯಾಲೆಂಡರಿನ ಮೇಲೇ ಗೀಚಿ. ಹೆಜ್ಜೆ ಎಣಿಸುವುದಕ್ಕಿಂತ ಇದು ಎಷ್ಟೋ ಪಾಲು ಮೇಲು ಎಂಬುದು ನನ್ನ ಖಚಿತ ಅಭಿಪ್ರಾಯ.

ತಿಂಗಳಿಗೊಮ್ಮೆ ದೊಡ್ಡ ನಡಿಗೆಯೊಂದನ್ನು ಇಟ್ಟುಕೊಂಡರೆ ದಿನದ ನಡಿಗೆಗೆ ಒಂದು ನೆಪ ಸಿಗುತ್ತದೆ. ಚಾಮುಂಡಿ ಬೆಟ್ಟಕ್ಕೆ ಸಾವಿರ ಮೆಟ್ಟಿಲಿವೆ. ಹದಿನೇಳನೆಯ ಶತಮಾನದಲ್ಲಿ ದೊಡ್ಡ ದೇವರಾಜ ಒಡೆಯರು ಕಟ್ಟಿಸಿದವು; ದಾರಿಯಲ್ಲಿ ಸಿಗುವ ಒಂದೇ ಕಲ್ಲಿನ ನಂದಿಯೂ ಅವರ ಕಾಲದ್ದೇ. ಮೊದಲ ಇನ್ನೂರು ಮುನ್ನೂರು ಮೆಟ್ಟಿಲು ಎಲ್ಲಕ್ಕಿಂತ ಕಷ್ಟ, ನಿಧಾನವಾಗಿ ಹತ್ತಿ. ಹತ್ತುವಾಗ ಏದುಸಿರು ಬರುತ್ತದೆ, ಮಂಡಿಗೆ ಏಟು ಬೀಳುವುದು ಇಳಿಯುವಾಗ. ಮಂಡಿ ಸೂಕ್ಷ್ಮ ಇರುವವರು ಮೆಟ್ಟಿಲಲ್ಲಿ ಹತ್ತಿ, ನಗರ ಬಸ್ಸಿನಲ್ಲಿ ಇಳಿಯುವುದು ಜಾಣತನ. ಅದರಿಂದ ತಾಯಿಗೆ ಕೋಪ ಬರುವುದಿಲ್ಲ.

ಜೊತೆಗಾರರು

ಜೊತೆ ಬೇಕೋ ಬೇಡವೋ ಎಂಬುದು ನಿಮ್ಮ ಸ್ವಭಾವಕ್ಕೆ ಬಿಟ್ಟದ್ದು. ಶುರುವಿನ ಒಂದೆರಡು ತಿಂಗಳು ಜೊತೆಗಾರರಿದ್ದರೆ ತಪ್ಪುವುದಿಲ್ಲ. ಗೇಟಿನ ಹತ್ತಿರ ಒಬ್ಬರು ಕಾಯುತ್ತಿದ್ದಾರೆ ಎಂಬ ಸಂಕೋಚವೇ ಎಬ್ಬಿಸುತ್ತದೆ. ಆದರೆ ಗುಂಪು ಐದಾರು ಜನರಾದರೆ ವೇಗ ಎಲ್ಲರಿಗಿಂತ ನಿಧಾನವಿರುವವರದ್ದಾಗುತ್ತದೆ, ಹಾದಿ ಇಡೀ ಅಡ್ಡಗಟ್ಟುತ್ತದೆ, ಕೊನೆಗೆ ಕಲ್ಲುಬೆಂಚಿನ ಮೇಲೆ ರಾಜಕೀಯ ಶುರುವಾಗುತ್ತದೆ. ರಾಜಕೀಯ ಮಾತಾಡಬಾರದೆಂದಲ್ಲ. ಅದಕ್ಕೆ ಬೈ-ಟು ಕಾಫಿಯ ಹೊತ್ತಿದೆ. ಗಂಡ ಹೆಂಡತಿ ಒಟ್ಟಿಗೆ ಹೊರಟು ಗಂಡ ಹತ್ತು ಮಾರು ಮುಂದೆ ನಡೆಯುವ ನಮ್ಮ ಪದ್ಧತಿಗೆ ಮದ್ದು, ಹೆಂಡತಿಯನ್ನು ಮುಂದೆ ಬಿಡುವುದು. ಮೊಬೈಲಿನ ಸ್ಪೀಕರಿನಲ್ಲಿ ಪ್ರವಚನವನ್ನೋ ಹಳೆಯ ಸಿನಿಮಾ ಹಾಡನ್ನೋ ಊರಿಗೆಲ್ಲ ಕೇಳಿಸುತ್ತ ನಡೆಯುವವರ ಬಗ್ಗೆ ನನಗೆ ಹೇಳಲು ಬಹಳವಿದೆ, ಆದರೆ ಇದು ಮಾಹಿತಿ ಲೇಖನ.

ಗಾಳಿ, ರಸ್ತೆ, ನಾಯಿ

ಎಲ್ಲಿ ನಡೆಯುತ್ತೀರಿ ಎಂಬುದು ಲಾಭವನ್ನೇ ತಿಂದುಹಾಕಬಲ್ಲದು. ಲಂಡನ್ನಿನಲ್ಲಿ ಅರವತ್ತು ದಾಟಿದವರನ್ನು ಒಂದು ದಿನ ಹೈಡ್ ಪಾರ್ಕಿನಲ್ಲಿ, ಇನ್ನೊಂದು ದಿನ ಡೀಸೆಲ್ ಬಸ್ಸು, ಟ್ಯಾಕ್ಸಿಗಳು ಓಡುವ ಆಕ್ಸ್‌ಫರ್ಡ್ ಸ್ಟ್ರೀಟಿನಲ್ಲಿ ಎರಡೆರಡು ಗಂಟೆ ನಡೆಸಿ ನೋಡಿದರು. ಪಾರ್ಕಿನಲ್ಲಿ ನಡೆದ ಮೇಲೆ ಶ್ವಾಸಕೋಶದ ಶಕ್ತಿ ಹೆಚ್ಚಿತು, ರಕ್ತನಾಳದ ಬಿಗುವು ಇಳಿಯಿತು. ಅದೇ ಕಾಲುಗಳು ಬಸ್ಸಿನ ಹೊಗೆಯಲ್ಲಿ ನಡೆದಾಗ ಆ ಲಾಭ ಬಹುಪಾಲು ಮಾಯ. ಆದ್ದರಿಂದ ರಿಂಗ್ ರೋಡಿನ ಅಂಚಿನಲ್ಲಿ ನಡೆಯುವುದಕ್ಕಿಂತ ಎರಡು ಕ್ರಾಸ್ ಒಳಗೆ ಹೋಗಿ ನಡೆಯಿರಿ. ಕಬ್ಬನ್ ಪಾರ್ಕಿನ ಒಳರಸ್ತೆಗಳಲ್ಲಿ ಭಾನುವಾರ ವಾಹನ ಬಿಡುವುದಿಲ್ಲ, ಆ ದಿನ ಅಲ್ಲಿಗೆ ಹೋಗುವುದು ಲೇಸು. ಚಳಿಗಾಲದ ಮುಂಜಾನೆ ತಂಪಾದ ಗಾಳಿ ನೆಲದ ಹತ್ತಿರವೇ ನಿಂತು ಹೊಗೆಯನ್ನೂ ಹಿಡಿದಿಟ್ಟುಕೊಂಡಿರುತ್ತದೆ. ಅದರ ಜೊತೆಗೆ ಗುಡಿಸಿದ ಎಲೆಯ ರಾಶಿಗೆ ಬೆಂಕಿ ಬೇರೆ. ಡಿಸೆಂಬರ್, ಜನವರಿಯಲ್ಲಿ ಅಸ್ತಮಾ ಇರುವವರು ಬಿಸಿಲು ಬಿದ್ದ ಮೇಲೆ ಹೊರಡಲಿ. ಬೆಳಗಿನ ವಾಕಿಂಗೇ ಶ್ರೇಷ್ಠ ಎಂಬ ನಂಬಿಕೆಗೆ ಅಂಥ ಆಧಾರವೇನಿಲ್ಲ, ಸಂಜೆ ನಡೆದರೂ ಕಾಲಿಗೆ ಒಂದೇ. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಮಾತ್ರ ಬೆಳಿಗ್ಗೆ ಏಳರೊಳಗೆ ಮನೆ ಸೇರಬೇಕು. ಕರಾವಳಿ, ಮಲೆನಾಡಿನವರು ಆಷಾಢದಲ್ಲಿ ಜಗಲಿ ಮೇಲೆ ಅಡ್ಡಾಡುವುದೇ ವಾಸಿ. ಹಟ ಹಿಡಿದು ಹೊರಟರೆ ಕೊಡೆ ನಿಮ್ಮದು, ರಕ್ತ ಇಂಬಳದ್ದು.

ಫುಟ್‌ಪಾತ್ ಕನಿಷ್ಠ 1.8 ಮೀಟರ್ ಅಗಲ ಇರಬೇಕು ಎಂದು ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾರ್ಗಸೂಚಿ ಹೇಳುತ್ತದೆ. ಆ ಅಗಲದಲ್ಲಿ ನಮ್ಮಲ್ಲಿ ಟ್ರಾನ್ಸ್‌ಫಾರ್ಮರ್, ಹೋಟೆಲಿನ ಒಲೆ, ನಾಲ್ಕು ಬೈಕು, ಎದ್ದು ನಿಂತ ಒಂದು ಚಪ್ಪಡಿ ಇರುತ್ತವೆ. ರಸ್ತೆಗೆ ಇಳಿಯಲೇಬೇಕಾದಾಗ ಬಲಬದಿಯಲ್ಲಿ, ಎದುರು ಬರುವ ವಾಹನ ಕಣ್ಣಿಗೆ ಕಾಣುವಂತೆ ನಡೆಯಿರಿ. ಬೆಳಕು ಹರಿಯುವ ಮುಂಚೆ ಹೊರಡುವವರು ಬಿಳಿ ಅಂಗಿ ಹಾಕಿ. ಸರ, ಚೈನು ಮನೆಯಲ್ಲಿರಲಿ. ಕಿವಿಗೆ ಹಾಡು ಬೇಕೇ ಬೇಕೆಂದರೆ ಒಂದೇ ಕಿವಿಗೆ.

ಬೀದಿ ನಾಯಿ ಎದುರಾದರೆ ಓಡಬೇಡಿ, ಕಲ್ಲೆತ್ತುವಂತೆ ಬಗ್ಗಬೇಡಿ, ಕಣ್ಣಿಟ್ಟು ನೋಡಬೇಡಿ. ನಿಂತು, ನಿಧಾನವಾಗಿ ಹಿಂದೆ ಸರಿಯಿರಿ. ಕಚ್ಚಿದರೆ ಅಥವಾ ಪರಚಿದರೂ, ಗಾಯವನ್ನು ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಅದೇ ದಿನ ಲಸಿಕೆಗೆ ಹೋಗಿ. ಅರಿಶಿನ, ಸುಣ್ಣ, ಕಾಫಿಪುಡಿ ಹಚ್ಚುತ್ತ ಕೂರುವ ವಿಷಯವಲ್ಲ ಇದು.

ಕಾಲು, ಎದೆ, ಜೇಬು

ಶೂವನ್ನು ಸಂಜೆ ಕೊಳ್ಳಿ. ದಿನ ಕಳೆದಂತೆ ಪಾದ ತುಸು ಊದಿರುತ್ತದೆ, ಬೆಳಿಗ್ಗೆ ಸರಿಹೋದದ್ದು ಸಂಜೆ ಬಿಗಿಯಾಗುತ್ತದೆ. ಬೆರಳ ತುದಿಗೂ ಶೂವಿನ ತುದಿಗೂ ನಡುವೆ ಹೆಬ್ಬೆರಳಿನಷ್ಟು ಜಾಗ ಬೇಕು. ಬೆಳಿಗ್ಗೆ ಹಾಸಿಗೆಯಿಂದ ಕಾಲಿಡುವಾಗ ಹಿಮ್ಮಡಿ ಚುಚ್ಚಿದರೆ ದೂರ ಕಡಿಮೆ ಮಾಡಿ. ಮೆತ್ತನೆ ತಳದ ಶೂ, ಮೀನಖಂಡವನ್ನು ಹಿಗ್ಗಿಸುವ ವ್ಯಾಯಾಮ ಎರಡೂ ಬೇಕು.

ಸಕ್ಕರೆ ಕಾಯಿಲೆಯವರು ಹುಲ್ಲಿನ ಮೇಲೂ ಬರಿಗಾಲಲ್ಲಿ ನಡೆಯಬಾರದು. ಪಾದದ ಸ್ಪರ್ಶ ಮಂಕಾಗಿದ್ದರೆ ಮುಳ್ಳು ಚುಚ್ಚಿದ್ದೂ ತಿಳಿಯುವುದಿಲ್ಲ. ದಿನಾ ರಾತ್ರಿ ಅಂಗಾಲನ್ನು ಕನ್ನಡಿ ಹಿಡಿದು ನೋಡಿಕೊಳ್ಳಿ. ಇನ್ಸುಲಿನ್ ಅಥವಾ ಸಕ್ಕರೆಯನ್ನು ಜೋರಾಗಿ ಇಳಿಸುವ ಮಾತ್ರೆ ತೆಗೆದುಕೊಳ್ಳುವವರು ಬರಿಹೊಟ್ಟೆಯಲ್ಲಿ ದೂರ ಹೋಗಬೇಡಿ. ನಡುಕ, ತಣ್ಣನೆ ಬೆವರು, ಕಣ್ಣು ಕತ್ತಲೆ ಬಂದರೆ ತಕ್ಷಣ ಬಾಯಿಗೆ ಹಾಕಿಕೊಳ್ಳಲು ಜೇಬಿನಲ್ಲಿ ಗ್ಲುಕೋಸ್ ಪುಡಿ ಅಥವಾ ಸಕ್ಕರೆ ಪೊಟ್ಟಣ ಇರಲಿ. ಮನೆಯವರ ಫೋನ್ ನಂಬರ್ ಬರೆದ ಚೀಟಿಯೂ ಇರಲಿ. ಪಾರ್ಕಿನ ಗೇಟಿನಲ್ಲಿ ಮಾರುವ ಹಾಗಲಕಾಯಿ, ಬೂದುಗುಂಬಳದ ರಸ ಇಷ್ಟವಿದ್ದರೆ ಕುಡಿಯಿರಿ, ಅದನ್ನು ನಂಬಿ ಮಾತ್ರೆ ಬಿಡಬೇಡಿ.

ನಡೆಯುವಾಗ ಎದೆ ಬಿಗಿದು, ನಿಂತರೆ ಸಡಿಲವಾಗುವುದು ಹೃದಯದ ಎಚ್ಚರಿಕೆ. ದವಡೆಗೋ ಎಡತೋಳಿಗೋ ಹರಡಿದರೆ ಇನ್ನೂ ಸ್ಪಷ್ಟ. ನಮ್ಮಲ್ಲಿ ಇದಕ್ಕೆಲ್ಲ ಗ್ಯಾಸ್ಟ್ರಿಕ್ ಎಂದು ಹೆಸರಿಟ್ಟು ಜೀರಿಗೆ ನೀರು ಕುಡಿಯುವ ಅಭ್ಯಾಸವಿದೆ. ನಿಂತ ಮೇಲೂ ನೋವು ಹೋಗದಿದ್ದರೆ ಮನೆಗೆ ನಡೆದುಕೊಂಡು ಹೋಗುವುದೂ ಬೇಡ. ಅಲ್ಲೇ ಕೂತು 108ಕ್ಕೆ ಫೋನ್ ಮಾಡಿಸಿ.

ಆದರೂ ಹಿಡಿಸದಿದ್ದರೆ

ನಾಲ್ಕು ವಾರ ಕೊಟ್ಟು ನೋಡಿ. ಮೊದಲ ವಾರ ದಿನಕ್ಕೆ ಹತ್ತು ನಿಮಿಷ ಸಾಕು, ರಾತ್ರಿ ಊಟದ ನಂತರ. ಎರಡನೆಯ ವಾರ ಒಂದು ಅಂಗಡಿ ಕೆಲಸ ಸೇರಿಸಿ. ಮೂರನೆಯ ವಾರದಿಂದ ಅದೇ ದಾರಿಯಲ್ಲಿ ಬಿರುಸು ಹೆಚ್ಚಿಸಿ, ಭಾನುವಾರ ದಾರಿ ಬದಲಿಸಿ. ತೂಕದ ಯಂತ್ರ ಹತ್ತಬೇಡಿ. ನಿದ್ದೆ ಹೇಗಿದೆ, ಊಟವಾಗಿ ಎರಡು ಗಂಟೆಯ ಮೇಲಿನ ಶುಗರ್ ಎಷ್ಟಿದೆ, ಮಹಡಿ ಹತ್ತುವಾಗ ಉಸಿರು ಎಷ್ಟು ಸಿಗುತ್ತಿದೆ ಎಂಬುದನ್ನು ನೋಡಿ.

ಇಷ್ಟಾದ ಮೇಲೂ ಬೇಸರವೇ ಆದರೆ ನಿಶ್ಚಿಂತೆಯಿಂದ ವಾಕಿಂಗ್ ಬಿಡಿ. ಹೃದಯಕ್ಕೆ ಬೇಕಾದದ್ದು ಬಿರುಸಿನ ಚಲನೆ, ಅದು ಕಾಲ್ನಡಿಗೆಯಿಂದಲೇ ಬರಬೇಕೆಂಬ ನಿಯಮವಿಲ್ಲ. ಎದುರಾಳಿ ಇದ್ದರೇ ಹುರುಪು ಬರುವವರಿಗೆ ಶಟಲ್ ಬ್ಯಾಡ್ಮಿಂಟನ್ ಇದೆ, ಬಿಪಿ ಮತ್ತು ಎದೆ ತೋರಿಸಿಕೊಂಡು ಇಳಿಯಬೇಕು ಅಷ್ಟೆ. ಮಂಡಿ ನೋವಿನವರಿಗೆ ಸೈಕಲ್ ಅಥವಾ ಈಜು ಎಷ್ಟೋ ಹಗುರ. ನಗರಪಾಲಿಕೆಯ ಈಜುಕೊಳ ಇರುವ ಊರುಗಳಲ್ಲಿ ತಿಂಗಳ ಪಾಸಿನ ದರ, ಹೆಂಗಸರ ಬ್ಯಾಚಿನ ವೇಳೆ ಮೊದಲೇ ವಿಚಾರಿಸಿಕೊಳ್ಳಿ. ಈಜು ಬಾರದವರು ಎದೆಮಟ್ಟದ ನೀರಿನಲ್ಲಿ ಆ ದಡದಿಂದ ಈ ದಡಕ್ಕೆ ನಡೆದರೂ ಸಾಕು. ಹಿತ್ತಿಲಿದ್ದವರು ಗುದ್ದಲಿ ಹಿಡಿದು ಅರ್ಧ ಗಂಟೆ ಪಾತಿ ಅಗೆದರೆ ವಾರದ 150 ನಿಮಿಷದ ಲೆಕ್ಕಕ್ಕೆ ಅದೂ ಜಮೆಯಾಗುತ್ತದೆ. ರಾತ್ರಿ ಊಟದ ನಂತರದ ಹತ್ತು ನಿಮಿಷವನ್ನು ಮಾತ್ರ, ಶುಗರ್ ಇರುವವರು, ಯಾವ ಆಟ ಹಿಡಿದರೂ ಬಿಡಬೇಡಿ.